ಅಮ್ಮನ ಮಂಡಿ ನೋವು, ವಲೆಟ್ಟಾದ ಮೆಟ್ಟಿಲು: ಅರ್ಧ ದಿನ ಸಾಕಾ, ಅಲ್ಲೇ ಉಳಿಯಬೇಕಾ?

ಮೈಸೂರ್ ಪಾಕು

ಎಲ್ಲರಿಗೂ ನಮಸ್ಕಾರ. ತಮ್ಮ ಜರ್ಮನಿಯಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಅವನ ಮನೆಗೆ ಹೋಗುತ್ತಿದ್ದೇನೆ. ನಡುವೆ ನಾಲ್ಕು ದಿನ ಮಾಲ್ಟಾಗೆ ಹೋಗಿ ಬರೋಣ ಅಂತ ಅವನೇ ಟಿಕೆಟ್ ಮಾಡಿಸಿದ್ದಾನೆ. ಷೆಂಗೆನ್ ವೀಸಾ ಒಂದೇ ಸಾಕು, ಹಾಗಾಗಿ ಆ ತಲೆನೋವು ಇಲ್ಲ.

ನನ್ನ ಪ್ರಶ್ನೆ ರಾಜಧಾನಿ ವಲೆಟ್ಟಾ ಬಗ್ಗೆ. ಒಬ್ಬರು ಅರ್ಧ ದಿನದಲ್ಲಿ ಮುಗಿಯುತ್ತದೆ ಅಂದರು. ಇನ್ನೊಬ್ಬರು ಅಲ್ಲೇ ರೂಮ್ ಮಾಡಿ, ಬೇರೆ ಕಡೆ ಉಳಿದರೆ ಏನೂ ಸಿಗಲ್ಲ ಅಂದರು. ಯಾರ ಮಾತು ಕೇಳಲಿ?

ಅಮ್ಮನಿಗೆ 67. ಸಮತಟ್ಟಾದ ದಾರಿಯಾದರೆ ನನಗಿಂತ ಮುಂದೆ ನಡೆಯುತ್ತಾರೆ. ಮೆಟ್ಟಿಲು ಕಂಡರೆ ಮಾತ್ರ ಮುಖ ಸಣ್ಣದಾಗುತ್ತದೆ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಫೋಟೋದಲ್ಲಿ ನೋಡಿದರೆ ಆ ಊರಿನ ಬೀದಿ ಬೀದಿಯೇ ಮೆಟ್ಟಿಲು!

ಅರ್ಧ ಟಿಕೆಟ್

ಅರ್ಧ ದಿನ ಅಂದವನು ನಾನೇ ಇರಬೇಕು, ಬೇರೆ ಗುಂಪಿನಲ್ಲೂ ಅದನ್ನೇ ಬರೆದಿದ್ದೆ. ಈಗಲೂ ಅದೇ ಮಾತು. ನಾವು ಕ್ರೂಸ್ ಹಡಗಿನಲ್ಲಿ ಹೋಗಿದ್ದು. ಬೆಳಿಗ್ಗೆ ಎಂಟಕ್ಕೆ ಇಳಿದೆವು, ಎರಡಕ್ಕೆ ವಾಪಸ್. ಇಡೀ ಊರು ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಈ ತುದಿಯಿಂದ ಆ ತುದಿಗೆ ಹದಿನೈದು ನಿಮಿಷದ ನಡಿಗೆ. ಒಂದು ಚರ್ಚ್, ಒಂದು ತೋಟ, ಒಂದು ಕೋಟೆ. ಮುಗೀತು. ಉಳಿದ ದಿನ ಇಮ್ದೀನಾ ಅನ್ನುವ ಹಳೇ ರಾಜಧಾನಿ ನೋಡಿ, ದೋಣಿ ಹತ್ತಿ ಗೋಜೋ ದ್ವೀಪಕ್ಕೆ ಹೋಗಿ.

ಉಪ್ಪು ಗಾಳಿ

ಅಕ್ಕಾ, ನಾನು ಉಡುಪಿ ಕಡೆಯವಳು, ನಾಲ್ಕು ವರ್ಷದಿಂದ ಮಾಲ್ಟಾದಲ್ಲಿ ನರ್ಸ್. ಇಲ್ಲಿಯವರು ವಲೆಟ್ಟಾ ಅನ್ನುವುದೇ ಕಡಿಮೆ, ‘ಇಲ್ ಬೆಲ್ಟ್’ ಅನ್ನುತ್ತಾರೆ. ಅಂದರೆ ‘ಪಟ್ಟಣ’, ಅಷ್ಟೇ. ನಮ್ಮ ಹಳ್ಳಿ ಕಡೆ ಪೇಟೆಗೆ ಹೋಗಿ ಬರ್ತೇನೆ ಅನ್ನುವುದಿಲ್ವಾ, ಹಾಗೆ.

ಮೊದಲು ಮಂಡಿ ವಿಷಯ. ಊರು ಒಂದು ದಿಬ್ಬದ ಬೆನ್ನ ಮೇಲೆ ಕೂತಿದೆ. ಎರಡು ಕಡೆಯೂ ಸಮುದ್ರ. ಬೆನ್ನಿನ ಉದ್ದಕ್ಕೆ ಹೋಗುವುದು ರಿಪಬ್ಲಿಕ್ ಬೀದಿ ಮತ್ತು ಮರ್ಚೆಂಟ್ಸ್ ಬೀದಿ. ಇವೆರಡರಲ್ಲಿ ಊರ ನಡುವಿನ ಹಳೇ ಅರಮನೆಯ ತನಕ ಹೆಚ್ಚು ಕಡಿಮೆ ಸಮತಟ್ಟು. ಅಡ್ಡ ಬೀದಿಗೆ ತಿರುಗಿದಿರೋ, ಇಳಿಜಾರು ಇಲ್ಲವೇ ಮೆಟ್ಟಿಲು. ಬಸ್ ನಿಲ್ದಾಣ ಇರುವುದು ಊರಬಾಗಿಲಿನ ಹೊರಗೆ, ಟ್ರೈಟನ್ ಕಾರಂಜಿಯ ಹತ್ತಿರ, ಅಂದರೆ ಎತ್ತರದ ಕಡೆಯೇ. ಅಲ್ಲಿಂದ ಶುರು ಮಾಡಿ. ತುದಿಯ ಸೇಂಟ್ ಎಲ್ಮೋ ಕೋಟೆಗೆ ನಡೆದು ಇಳಿಯಬಹುದು, ವಾಪಸ್ ಹತ್ತಬೇಡಿ. ಊರನ್ನು ಸುತ್ತು ಹಾಕುವ 133ನೇ ನಂಬರ್ ಬಸ್ ಹಿಡಿಯಿರಿ.

ಬಂದರಿನ ಕಡೆಗೆ ಇಳಿಯಲು ಅಪ್ಪರ್ ಬರಾಕ್ಕಾ ತೋಟದ ಪಕ್ಕದಲ್ಲೇ ಲಿಫ್ಟ್ ಇದೆ, 58 ಮೀಟರ್ ಎತ್ತರ. 1905ರಲ್ಲೇ ಅಲ್ಲಿ ಒಂದು ಲಿಫ್ಟ್ ಇತ್ತಂತೆ, ಎಪ್ಪತ್ತರ ದಶಕದಲ್ಲಿ ನಿಂತುಹೋಯಿತು. ಈಗಿನದು 2012ರದ್ದು. ಇಳಿದರೆ ಕೆಳಗೆ ಫೆರ್ರಿ. ಮೆಟ್ಟಿಲು ಎಣಿಸುವ ಕೆಲಸವೇ ಇಲ್ಲ.

ಚಪ್ಪಲಿ ಜೋಪಾನ. ಬೀದಿ ಕಲ್ಲು ಜನ ನಡೆದು ನಡೆದು ಸವೆದು ನುಣ್ಣಗಾಗಿದೆ. ಒಂದು ಹನಿ ಮಳೆ ಬಿದ್ದರೆ ಸೋಪು ಹಚ್ಚಿದ ಹಾಗೆ. ನಮ್ಮ ವಾರ್ಡಿಗೆ ಮಳೆಗಾಲದಲ್ಲಿ ಯಾರು ಬರುತ್ತಾರೆ ಅಂತ ಕೇಳಬೇಡಿ.

ಮೈಸೂರ್ ಪಾಕು

ತುಂಬಾ ಥ್ಯಾಂಕ್ಸ್ ತಂಗಿ! ಇದನ್ನು ಪ್ರಿಂಟ್ ಹಾಕಿ ಅಮ್ಮನಿಗೆ ಕೊಡುತ್ತೇನೆ. ಹಾಗಾದರೆ ಅಲ್ಲೇ ಉಳಿಯೋದಾ?

ಉಪ್ಪು ಗಾಳಿ

ಉಳಿಯಿರಿ, ಆದರೆ ಊರಬಾಗಿಲಿನ ಹತ್ತಿರ, ಮೇಲಿನ ಅರ್ಧದಲ್ಲಿ. ಹಳೇ ಮನೆಗಳನ್ನೇ ಹೋಟೆಲ್ ಮಾಡಿರುತ್ತಾರೆ. ‘ಲಿಫ್ಟ್ ಇದೆಯಾ’ ಅಂತ ಕೇಳಿದರೆ ಸಾಲದು. ಲಿಫ್ಟ್‌ಗೆ ಮುಂಚೆ ಎಷ್ಟು ಮೆಟ್ಟಿಲು ಅಂತ ಕೇಳಿ.

ಗೋಡೆ ಗಡಿಯಾರ

ಅರ್ಧ ಟಿಕೆಟ್ ಅವರಿಗೆ ಉತ್ತರ ಕೊಡದಿದ್ದರೆ ನನಗೆ ರಾತ್ರಿ ನಿದ್ದೆ ಬರಲ್ಲ. ಎರಡು ಸಲ ಹೋಗಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ, ಬೇಡದವರು ಮುಂದೆ ಹೋಗಿ.

ಆ ಊರನ್ನು ಊರೊಳಗೆ ನಿಂತು ನೋಡಿದರೆ ಅರ್ಥವೇ ಆಗಲ್ಲ. ಮೊದಲ ಸಲ ನನಗೂ ಹಾಗೇ ಆಯಿತು. ಚಂದದ ಕಲ್ಲಿನ ಕಟ್ಟಡಗಳು, ಮರದ ಮುಚ್ಚಿದ ಬಾಲ್ಕನಿಗಳು, ಸರಿ, ಫೋಟೋ ತೆಗೆದೆ, ಬಂದೆ. ಎರಡನೇ ಸಲ ಲಿಫ್ಟ್ ಇಳಿದು, ಫೆರ್ರಿ ಹತ್ತಿ ಎದುರಿನ ದಡಕ್ಕೆ ಹೋದೆ. ಬೋರ್ಮ್ಲಾದಲ್ಲಿ ಇಳಿದು ನೀರಿನ ಅಂಚಿನಲ್ಲೇ ಬಿರ್ಗು ತನಕ ನಡೆದೆ. ಪೂರ್ತಿ ಸಮತಟ್ಟು, ನಿಮ್ಮ ಅಮ್ಮನಿಗೆ ಹೇಳಿ ಮಾಡಿಸಿದ ದಾರಿ. ಆ ತುದಿಯಲ್ಲಿ ಸೇಂಟ್ ಆಂಜೆಲೋ ಕೋಟೆ. ಅಲ್ಲಿ ನಿಂತು ತಿರುಗಿ ನೋಡಿ.

1565ರಲ್ಲಿ ಎದುರಿಗೆ ವಲೆಟ್ಟಾ ಇರಲಿಲ್ಲ. ಬೋಳು ದಿಬ್ಬ, ಅದರ ಮೂಗಿನ ತುದಿಯಲ್ಲಿ ಸೇಂಟ್ ಎಲ್ಮೋ ಅನ್ನುವ ಒಂದು ಚಿಕ್ಕ ಕೋಟೆ, ಅಷ್ಟೇ. ಆಗ ಮಾಲ್ಟಾ ಆಳುತ್ತಿದ್ದ ಸೇಂಟ್ ಜಾನ್ ಅನ್ನುವ ಕ್ರೈಸ್ತ ಪಂಥದ ಯೋಧರು, ಅಂದರೆ ನೈಟ್‌ಗಳು, ಇದ್ದದ್ದು ಈ ಕಡೆ, ಬಿರ್ಗುವಿನಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಆಟೊಮನ್ ತುರ್ಕರ ಹಡಗು ಪಡೆ ಬಂತು. ಅವರು ತೋಪುಗಳನ್ನು ಎಳೆದು ನಿಲ್ಲಿಸಿದ್ದು ಆ ಬೋಳು ದಿಬ್ಬದ ಮೇಲೆ. ಅಲ್ಲಿಂದ ಸೇಂಟ್ ಎಲ್ಮೋಗೆ ಹೊಡೆದರು. ಜೂನ್ 23ಕ್ಕೆ ಅದು ಬಿತ್ತು. ಮುಂದಿನದನ್ನು ಅಮ್ಮನಿಗೆ ಹೇಳಬೇಡಿ: ಸತ್ತ ನೈಟ್‌ಗಳ ತಲೆ ತೆಗೆದು, ದೇಹಗಳನ್ನು ಹಲಗೆಗೆ ಮೊಳೆ ಹೊಡೆದು ಈ ಕಡೆಗೆ ತೇಲಿಬಿಟ್ಟರು. ಈ ಕಡೆಯ ಮುಖ್ಯಸ್ಥ ಲಾ ವಲೆಟ್ ಸೆರೆ ಸಿಕ್ಕ ತುರ್ಕರ ತಲೆ ಕಡಿಸಿ ತೋಪಿನಲ್ಲಿ ತುಂಬಿ ಹಾರಿಸಿದ. ಸೆಪ್ಟೆಂಬರ್‌ವರೆಗೂ ಹೀಗೇ ನಡೆಯಿತು. ಕೊನೆಗೆ ಸಿಸಿಲಿಯಿಂದ ನೆರವು ಬಂತು, ತುರ್ಕರು ಹೊರಟರು.

ಈಗ ವಿಷಯಕ್ಕೆ ಬರುತ್ತೇನೆ. ಶತ್ರು ಎಲ್ಲಿ ತೋಪು ಇಟ್ಟನೋ ಆ ಜಾಗವನ್ನೇ ತುಂಬಿಬಿಡಬೇಕು, ಇನ್ನೊಬ್ಬ ಅಲ್ಲಿ ಕಾಲಿಡಬಾರದು. ಆ ದಿಬ್ಬದ ಮೇಲೆ ಊರು ಎದ್ದದ್ದು ಹೀಗೆ. 1566ರ ಮಾರ್ಚ್ 28ಕ್ಕೆ ಅಡಿಗಲ್ಲು ಬಿತ್ತು. ನಕ್ಷೆ ಮಾಡಲು ಪೋಪ್ ತನ್ನ ಎಂಜಿನಿಯರ್ ಫ್ರಾಂಚೆಸ್ಕೋ ಲಪರೆಲ್ಲಿಯನ್ನು ಕಳಿಸಿಕೊಟ್ಟ. ಚದುರಂಗದ ಮಣೆಯಂತೆ ನೇರ ಬೀದಿಗಳು. ಪ್ರತಿ ಮನೆಗೂ ಮಳೆ ನೀರು ಹಿಡಿಯುವ ತೊಟ್ಟಿ ಕಡ್ಡಾಯ, ಏಕೆಂದರೆ ಮತ್ತೆ ಮುತ್ತಿಗೆ ಬಿದ್ದರೆ ಹೊರಗಿಂದ ನೀರು ಬರಲ್ಲ. ಮೊದಲ ಯೋಚನೆ ಇದ್ದದ್ದು ದಿಬ್ಬದ ತಲೆಯನ್ನು ಕಡಿದು ಸಮ ಮಾಡಿ ಕಟ್ಟುವುದು. ಆದರೆ ತುರ್ಕರು ಇವತ್ತು ಬಂದಾರು, ನಾಳೆ ಬಂದಾರು ಅನ್ನುವ ಭಯ. ಅರ್ಧಕ್ಕೇ ಬಿಟ್ಟು ಇದ್ದ ಇಳಿಜಾರಿನ ಮೇಲೇ ಕಟ್ಟಿದರು.

ಅಂದರೆ ಮೈಸೂರ್ ಪಾಕು ಮೇಡಂ, ನಿಮ್ಮ ಅಮ್ಮನ ಮಂಡಿ ನೋವಿಗೆ ಕಾರಣ ತುರ್ಕರು. ಅವರು ಇನ್ನೊಂದು ಸಲ ಅಂಥ ಮುತ್ತಿಗೆ ಹಾಕಲೇ ಇಲ್ಲ ಅನ್ನುವುದು ಬೇರೆ ಮಾತು.

ಮೈಸೂರ್ ಪಾಕು

ಹ್ಹ ಹ್ಹ! ಅಮ್ಮನಿಗೆ ಓದಿ ಹೇಳಿದೆ, ತಲೆ ಹಾರಿಸಿದ್ದು ಬಿಟ್ಟು. ‘ಆತುರದಲ್ಲಿ ಮನೆ ಕಟ್ಟಿದರೆ ಹೀಗೇ, ನಿಮ್ಮಪ್ಪ ಮಹಡಿ ಮೆಟ್ಟಿಲು ಕಟ್ಟಿಸಿದ ಹಾಗೆ’ ಅಂದರು.

ಕುಂಚ

‘ಒಂದು ಚರ್ಚ್’ ಅಂತ ಬರೆದಿದ್ದಾರಲ್ಲ, ಆ ಒಂದು ಚರ್ಚಿಗೇ ನಾನು ಮೂರು ಗಂಟೆ ಕೊಟ್ಟೆ. ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್. ಹೊರಗಿನಿಂದ ಸರ್ಕಾರಿ ಗೋದಾಮಿನ ಹಾಗಿದೆ. ಕಟ್ಟಿದ ಜಿರೊಲಾಮೋ ಕಸ್ಸಾರ್ ಕೋಟೆ ಕಟ್ಟುವ ಎಂಜಿನಿಯರ್, ಅವನಿಗೆ ಸಿಂಗಾರ ಬೇಕಿರಲಿಲ್ಲ. ಒಳಗೆ ಕಾಲಿಟ್ಟರೆ ಕಣ್ಣು ಕುಕ್ಕುವಷ್ಟು ಚಿನ್ನದ ಬಣ್ಣ. ಕಮಾನು ಚಾವಣಿಗೆ ಮಾತ್ತಿಯಾ ಪ್ರೆತಿ 1660ರ ದಶಕದಲ್ಲಿ ಚಿತ್ರ ಬರೆದ. ನೆಲ ಪೂರ್ತಿ ಬಣ್ಣದ ಅಮೃತಶಿಲೆಯ ಸಮಾಧಿ ಫಲಕಗಳು, ಸುಮಾರು 400. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದರೆ ಒಳಗೆ ಬಿಡಲ್ಲ, ಕಲ್ಲು ಹಾಳಾಗುತ್ತದೆ ಅಂತ. ಹೆಗಲು ಮುಚ್ಚಿರಬೇಕು. ಸೀರೆಗೆ ಏನೂ ತೊಂದರೆ ಇಲ್ಲ. ಭಾನುವಾರ ಪ್ರವಾಸಿಗರಿಗೆ ಇಲ್ಲ, ಇದು ನೆನಪಿರಲಿ.

ಆದರೆ ನಾನು ಹೋದದ್ದು ಪಕ್ಕದ ಪ್ರಾರ್ಥನಾ ಕೋಣೆಗೆ. ಅಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ ಚಿತ್ರ ಇದೆ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತ ಜಾನ್‌ನ ಶಿರಚ್ಛೇದ. ಐದು ಮೀಟರ್‌ಗಿಂತ ಅಗಲ. ಅವನು ಬರೆದದ್ದರಲ್ಲಿ ಇದೇ ದೊಡ್ಡದು.

ಅರ್ಧ ಟಿಕೆಟ್

ಒಂದು ಚಿತ್ರ ನೋಡಲು 15 ಯೂರೋ. ಅದೂ ಕತ್ತು ಕೊಯ್ಯುವ ಚಿತ್ರ. ನಾನು ಹೊರಗೆ ಐಸ್‌ಕ್ರೀಂ ತಿಂದೆ, ಸುಖವಾಗಿದ್ದೆ.

ಕುಂಚ

ಸ್ವಾಮಿ, ಐಸ್‌ಕ್ರೀಂ ಎಲ್ಲ ಊರಲ್ಲೂ ಸಿಗುತ್ತದೆ.

ಆ ಚಿತ್ರದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಗೋಡೆ, ಕತ್ತಲೆ. ಜನರೆಲ್ಲ ಎಡಗಡೆ ಮೂಲೆಯಲ್ಲಿ. ಜಾನ್ ನೆಲದ ಮೇಲೆ ಬಿದ್ದಿದ್ದಾನೆ, ಕತ್ತಿ ಏಟು ಬಿದ್ದಾಗಿದೆ, ಆದರೆ ಕತ್ತು ಪೂರ್ತಿ ಬೇರೆಯಾಗಿಲ್ಲ. ಕಟುಕ ಬೆನ್ನ ಹಿಂದಿನಿಂದ ಚಿಕ್ಕ ಚಾಕು ಎಳೆಯುತ್ತಿದ್ದಾನೆ, ಉಳಿದ ಕೆಲಸ ಮುಗಿಸಲು. ಒಬ್ಬ ಹುಡುಗಿ ತಟ್ಟೆ ಹಿಡಿದು ಬಗ್ಗಿದ್ದಾಳೆ. ಒಬ್ಬ ಮುದುಕಿ ಮಾತ್ರ ತಲೆ ಮೇಲೆ ಕೈ ಹೊತ್ತಿದ್ದಾಳೆ. ಉಳಿದವರಿಗೆಲ್ಲ ಇದು ದಿನದ ಕೆಲಸ. ಬಲಗಡೆ ಕಿಟಕಿ ಸರಳಿನ ಹಿಂದೆ ಇಬ್ಬರು ಕೈದಿಗಳು ಇಣುಕುತ್ತಿದ್ದಾರೆ. ನೋಡುತ್ತಾ ನಿಂತರೆ ನಾವೂ ಆ ಕೈದಿಗಳ ಪಕ್ಕ ನಿಂತ ಹಾಗಾಗುತ್ತದೆ. ಕುತ್ತಿಗೆಯಿಂದ ಹರಿದ ರಕ್ತದಲ್ಲಿ ಕಾರವಾಜ್ಜೋನ ಸಹಿ ಇದೆ. ಅವನು ಸಹಿ ಹಾಕಿದ ಚಿತ್ರ ಅಂತ ಉಳಿದಿರುವುದು ಇದೊಂದೇ.

ರೋಮ್‌ನಲ್ಲಿ ಕೊಲೆ ಮಾಡಿ ಓಡಿಬಂದವನು ಅವನು. ಮಾಲ್ಟಾದಲ್ಲಿ ನೈಟ್ ಪದವಿ ಸಿಕ್ಕಿತು. ಕೆಲವೇ ತಿಂಗಳಲ್ಲಿ ಮತ್ತೆ ಜಗಳ, ಸೇಂಟ್ ಆಂಜೆಲೋದಲ್ಲಿ ಸೆರೆ, ಅಲ್ಲಿಂದಲೂ ಪರಾರಿ. ಡಿಸೆಂಬರ್‌ನಲ್ಲಿ ನೈಟ್‌ಗಳು ಸಭೆ ಸೇರಿ ಅವನನ್ನು ಕೊಳೆತ ಅಂಗ ಅಂತ ಪಂಥದಿಂದ ಕಿತ್ತುಹಾಕಿದರು. ಆ ಸಭೆ ನಡೆದದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಮುಂದೆ.

ಸಕ್ಕರೆ ಸೀಮೆ

ಮಂಡ್ಯದವನು. ಸುಮ್ನೆ ಓದುತ್ತಿದ್ದೆ, ಒಂದು ಡೌಟು. ನೆಪೋಲಿಯನ್ ಈಜಿಪ್ಟ್‌ಗೆ ಹೋಗುವಾಗ ಹಿಡಿದದ್ದು ಇದೇ ಮಾಲ್ಟಾ ಅಲ್ವಾ? ನಮ್ಮ ಟಿಪ್ಪುಗೆ ಪತ್ರ ಬರೆದನಲ್ಲ, ಆ ದಂಡಯಾತ್ರೆ?

ಗೋಡೆ ಗಡಿಯಾರ

ಅದೇ, ಅದೇ! ಯಾರೂ ಕೇಳಲಿಲ್ಲವಲ್ಲ ಅಂತ ಕಾಯುತ್ತಿದ್ದೆ. 1798ರ ಜೂನ್‌ನಲ್ಲಿ ಬಂದ. ತುರ್ಕರಿಗೆ ಅಂತ ಕಟ್ಟಿದ ಇಷ್ಟು ದೊಡ್ಡ ಕೋಟೆ ಹೆಚ್ಚೇನೂ ಜಗಳವಿಲ್ಲದೆ ಬಾಗಿಲು ತೆರೆಯಿತು. ವಲೆಟ್ಟಾದಲ್ಲಿ ಒಂದು ವಾರವೂ ಇರಲಿಲ್ಲ. ಅಷ್ಟರಲ್ಲಿ ನೈಟ್‌ಗಳನ್ನು ಹೊರಗೆ ಅಟ್ಟಿದ, ಚರ್ಚುಗಳ ಬೆಳ್ಳಿ ಬಾಚಿದ, ಈಜಿಪ್ಟ್‌ಗೆ ಹೊರಟ. ಸೇಂಟ್ ಜಾನ್ಸ್ ಒಳಗೆ ಒಂದು ಬೆಳ್ಳಿ ಬಾಗಿಲು ಉಳಿದಿದೆ. ಕಪ್ಪು ಬಣ್ಣ ಬಳಿದು ಅವನ ಕಣ್ಣು ತಪ್ಪಿಸಿದರು ಅನ್ನುವ ಕತೆ ಅಲ್ಲಿಯವರದು.

1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುಗೆ ಬರೆದ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆ ಹೊತ್ತಿಗೆ ಇತ್ತ ವಲೆಟ್ಟಾದೊಳಗೆ ಫ್ರೆಂಚರೇ ಸಿಕ್ಕಿಬಿದ್ದಿದ್ದರು, ಹೊರಗೆ ಮಾಲ್ಟಾದ ಜನ ದಂಗೆ ಎದ್ದಿದ್ದರು. ಎರಡು ವರ್ಷ ಉಪವಾಸ ಬಿದ್ದು 1800ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರಿಗೆ ಶರಣಾದರು. ಆಮೇಲೆ 1964ರವರೆಗೆ ಬ್ರಿಟಿಷರದ್ದೇ ಆಳ್ವಿಕೆ. ಅದಕ್ಕೇ ಅಲ್ಲಿ ಗಾಡಿ ಎಡಗಡೆ ಓಡಿಸುತ್ತಾರೆ.

ಸಕ್ಕರೆ ಸೀಮೆ

ಹಂಗಾದ್ರೆ ಒಂದು ಸಲ ನೋಡಲೇಬೇಕು.

ಉಪ್ಪು ಗಾಳಿ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲರೂ ‘ಪಸ್ಟಿತ್ಸಿ ತಿನ್ನಿ, ವೆಜ್ ಇದೆ’ ಅನ್ನುತ್ತಾರೆ. ಪದರ ಪದರದ ಪಫ್ ಅದು, ಒಳಗೆ ರಿಕೋಟಾ ಚೀಸ್ ಅಥವಾ ಬಟಾಣಿ. ಹೂರಣ ಸರಿ, ಆದರೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ಹಳೇ ಪದ್ಧತಿ ಇದೆ. ಈಗ ಎಷ್ಟೋ ಕಡೆ ಮಾರ್ಗರಿನ್ ಹಾಕುತ್ತಾರೆ. ರಿಕೋಟಾದಲ್ಲಿ ಮೊಟ್ಟೆ ಸೇರಿಸುವವರೂ ಇದ್ದಾರೆ. ಕೇಳಿಯೇ ತಿನ್ನಿ. ಇಂಗ್ಲಿಷ್ ಇಲ್ಲಿ ಅಧಿಕೃತ ಭಾಷೆ, ಹೆಚ್ಚಿನವರಿಗೆ ಬರುತ್ತದೆ.

ಅಮ್ಮನಿಗೆ ಭಯವಿಲ್ಲದೆ ಕೊಡಬಹುದಾದ್ದು ಬಿಗಿಲ್ಲಾ. ಒಣಗಿದ ಕಾಳು ಬೇಯಿಸಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಮೆಣಸಿನಕಾಯಿ ಹಾಕಿ ಅರೆದದ್ದು. ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಬೇಕು. ಬ್ರೆಡ್ ಮೇಲೆ ಟೊಮೆಟೊ ಉಜ್ಜಿ ಎಣ್ಣೆ ಹಾಕಿ ಕೊಡುವುದೂ ಒಂದಿದೆ, ‘ಟ್ಯೂನಾ ಮೀನು ಬೇಡ’ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಹಾಕಿಯೇ ಬಿಡುತ್ತಾರೆ. ಮತ್ತೆ ಚಹಾ! ಹಳೇ ಅಂಗಡಿಗಳಲ್ಲಿ ಗಾಜಿನ ಲೋಟದಲ್ಲಿ ಕೊಡುತ್ತಾರೆ, ಡಬ್ಬಿ ಹಾಲು ಹಾಕಿ, ಗಟ್ಟಿಯಾಗಿ. ಯುರೋಪಿನಲ್ಲಿ ನನಗೆ ಮನೆ ಚಹಾ ನೆನಪಾದದ್ದು ಅಲ್ಲೊಂದೇ.

ಮಾಲ್ಟಾ ಭಾಷೆಯೂ ತಮಾಷೆ. ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಬೇರು ಅರಬ್ಬಿ, ಮೈತುಂಬಾ ಇಟಲಿ ಮಾತು. ಸೂರ್ಯ ‘ಶೆಂಶ್’, ನೀರು ‘ಇಲ್ಮಾ’, ಆದರೆ ಥ್ಯಾಂಕ್ಸ್ ಹೇಳುವಾಗ ‘ಗ್ರಾತ್ಸಿ’. ಮುಂಚೆ ಎರಡು ವರ್ಷ ಗಲ್ಫ್‌ನಲ್ಲಿದ್ದೆ. ಅಲ್ಲಿ ಕಲಿತ ಅರಬ್ಬಿ ಇಲ್ಲಿ ಅರ್ಧ ಕೈ ಹಿಡಿಯಿತು.

ಇನ್ನೊಂದು, ಇದು ನನ್ನ ಸ್ವಂತ ಹುಚ್ಚು. ಸೇಂಟ್ ಎಲ್ಮೋ ಹತ್ತಿರ ನೈಟ್‌ಗಳ ಹಳೇ ಆಸ್ಪತ್ರೆ ಇದೆ, ಈಗ ಸಮ್ಮೇಳನ ಭವನ. ಅದರ ದೊಡ್ಡ ವಾರ್ಡ್ 155 ಮೀಟರ್ ಉದ್ದ. ಒಂದೇ ಕೋಣೆ! ಅಲ್ಲಿ ರೋಗಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಊಟ ಹಾಕುತ್ತಿದ್ದರು. ದೊಡ್ಡ ಮನೆತನದ ನೈಟ್‌ಗಳೇ ಸರದಿ ಪ್ರಕಾರ ಬಡಿಸಬೇಕಿತ್ತು. ನೈಟ್ ಡ್ಯೂಟಿಯಲ್ಲಿ ಕಾಲು ಸೋತಾಗ ನಾನು ಆ 155 ಮೀಟರ್ ನೆನೆಸಿಕೊಳ್ಳುತ್ತೇನೆ.

ಕುಂಚ

ರಿಪಬ್ಲಿಕ್ ಬೀದಿಯಲ್ಲೇ ಪುರಾತತ್ವ ಮ್ಯೂಸಿಯಂ ಇದೆ, ಬಿಡಬೇಡಿ. ಮಲಗಿರುವ ಹೆಂಗಸಿನ ಮಣ್ಣಿನ ಬೊಂಬೆ, ಅಂಗೈ ಉದ್ದ, ಸುಮಾರು 12 ಸೆಂಟಿಮೀಟರ್. ಐದು ಸಾವಿರ ವರ್ಷ ಹಳೆಯದು. ಅದು ಸಿಕ್ಕಿದ ಹೈಪೋಜಿಯಂ ಅನ್ನುವ ನೆಲದಡಿಯ ಸಮಾಧಿ ಊರ ಹೊರಗೆ ಪಾವೊಲಾದಲ್ಲಿದೆ. ಒಳಗೆ ದಿನಕ್ಕೆ 80 ಜನರನ್ನಷ್ಟೇ ಬಿಡುತ್ತಾರೆ, ವಾರಗಟ್ಟಲೆ ಮೊದಲೇ ಬುಕ್ ಮಾಡಬೇಕು. ಅಲ್ಲಿ ಮೆಟ್ಟಿಲು ಇಳಿಯಬೇಕು, ಅಮ್ಮನಿಗೆ ಬೊಂಬೆ ಸಾಕು.

ಮೈಸೂರ್ ಪಾಕು

ಬಂದೆವು! ವಾಪಸ್ ಬಂದು ಹತ್ತು ದಿನ ಆಯಿತು. ವರದಿ ಕೊಡದಿದ್ದರೆ ತಪ್ಪಾಗುತ್ತದೆ.

ಮೊದಲು ಬೈಗುಳ. ಹೋಟೆಲ್‌ನವರು ಲಿಫ್ಟ್ ಇದೆ ಅಂದಿದ್ದರು. ಇತ್ತು. ಅದಕ್ಕೆ ಮುಂಚೆ 14 ಮೆಟ್ಟಿಲೂ ಇತ್ತು. ತಂಗಿ ಹೇಳಿದ್ದನ್ನು ಓದಿಯೂ ಕೇಳಲು ಮರೆತೆ, ನನ್ನದೇ ತಪ್ಪು. ಅಮ್ಮ ದಿನಾ ಹತ್ತುವಾಗ ‘ತುರ್ಕರು ಬಂದರು, ತುರ್ಕರು ಬಂದರು’ ಅನ್ನುತ್ತಾ ಹತ್ತಿದರು.

ಮೊದಲ ದಿನ ಮಧ್ಯಾಹ್ನ ಅಪ್ಪರ್ ಬರಾಕ್ಕಾ ತೋಟ. ಹನ್ನೆರಡಕ್ಕೆ ಕೆಳಗಿನ ಸಾಲಿನಿಂದ ತೋಪು ಹಾರಿಸುತ್ತಾರೆ ಅಂತ ಯಾರೂ ಹೇಳಿರಲಿಲ್ಲ! ಅಮ್ಮ ಬೆಚ್ಚಿಬಿದ್ದು ನೀರಿನ ಬಾಟಲಿ ಬಿಟ್ಟರು. ಆಮೇಲೆ ಸಂಜೆ ನಾಲ್ಕಕ್ಕೂ ಇದೆ ಅಂತ ಗೊತ್ತಾಗಿ, ತಾವೇ ಮೊದಲು ಬಂದು ಕಟ್ಟೆ ಹಿಡಿದು ನಿಂತರು. ದಸರಾದಲ್ಲಿ ಅರಮನೆ ಹತ್ತಿರ ಕುಶಾಲ ತೋಪು ನೋಡಿದವರು, ಇದಕ್ಕೆ ಸದ್ದು ಕಡಿಮೆ ಅಂತ ತೀರ್ಪು ಕೊಟ್ಟರು.

ಊರಬಾಗಿಲ ಪಕ್ಕದ ಹೊಸ ಪಾರ್ಲಿಮೆಂಟ್ ಕಟ್ಟಡ ನೋಡಿ ತಮ್ಮನಿಗೆ ಖುಷಿ. ರೆಂಜೋ ಪಿಯಾನೋ ಅನ್ನುವ ದೊಡ್ಡ ವಾಸ್ತುಶಿಲ್ಪಿಯದು. ಅಲ್ಲಿಯವರು ಅದನ್ನು ಚೀಸ್ ತುರಿಯುವ ಮಣೆ ಅನ್ನುತ್ತಾರಂತೆ. ನೋಡಿದರೆ ಹೌದು ಅನ್ನಿಸುತ್ತದೆ. ನನಗೆ ಹಿಡಿಸಿದ್ದು ಅದರ ಪಕ್ಕದ ಮುರಿದ ಕಂಬಗಳು. 1942ರ ಏಪ್ರಿಲ್‌ನಲ್ಲಿ ಬಾಂಬು ಬಿದ್ದು ನೆಲಸಮವಾದ ಒಪೆರಾ ಭವನ. ಮತ್ತೆ ಕಟ್ಟದೆ, ಆ ಕಂಬಗಳ ನಡುವೆಯೇ ಕುರ್ಚಿ ಹಾಕಿ ಬಯಲು ರಂಗಮಂದಿರ ಮಾಡಿದ್ದಾರೆ.

ಎರಡನೇ ದಿನ ಸೇಂಟ್ ಜಾನ್ಸ್. ಇಲ್ಲಿ ಒಂದು ಫಜೀತಿ. ನೆಲವೆಲ್ಲ ಸಮಾಧಿ ಅಂತ ಕುಂಚ ಅವರು ಬರೆದದ್ದನ್ನು ಅಮ್ಮನಿಗೆ ಹೇಳಿರಲಿಲ್ಲ. ಅಸ್ಥಿಪಂಜರದ ಚಿತ್ರ ಕಂಡು ಏನಿದು ಅಂದರು. ಹೇಳಿದೆ. ಅಲ್ಲೇ ನಿಂತುಬಿಟ್ಟರು. ‘ಸತ್ತವರನ್ನು ತುಳಿಯೋದಾ?’ ಅಂತ. ಕಾಲಿಡಲು ಬೇರೆ ಜಾಗವೇ ಇಲ್ಲ. ಕೊನೆಗೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ‘ತಪ್ಪಾಯ್ತಪ್ಪಾ, ದಾರಿ ಬಿಡಿ’ ಅಂತ ಕನ್ನಡದಲ್ಲೇ ಹೇಳಿ ಹೆಜ್ಜೆ ಇಟ್ಟರು. ಕಾವಲಿನ ಹೆಂಗಸು ಏನಾಯಿತು ಅಂತ ಓಡಿ ಬಂದಳು. ತಮ್ಮ ವಿವರಿಸಿದ. ಅವಳು ಅಮ್ಮನ ಕೈ ಹಿಡಿದು ಗೋಡೆ ಪಕ್ಕದ ಕುರ್ಚಿಗೆ ಕರೆದುಕೊಂಡು ಹೋದಳು.

ಕಾರವಾಜ್ಜೋ ಚಿತ್ರದ ಮುಂದೆ ನಾನು ಹತ್ತು ನಿಮಿಷ ನಿಂತೆ. ಅಮ್ಮ ಅರ್ಧ ಗಂಟೆ ಕೂತರು. ಆ ಮುದುಕಿಯನ್ನೇ ನೋಡುತ್ತಿದ್ದರು. ‘ಇಷ್ಟು ಜನರಲ್ಲಿ ಅಯ್ಯೋ ಅಂದವಳು ಇವಳೊಬ್ಬಳೇ’ ಅಂದರು. ಕುಂಚ ಅವರು ಬರೆದದ್ದನ್ನು ನಾನು ಓದಿ ಹೇಳಿರಲಿಲ್ಲ, ಆಣೆ.

ಬಿರ್ಗು ದಡಕ್ಕೂ ಹೋದೆವು. ಗೋಡೆ ಗಡಿಯಾರ ಸರ್, ನೀವು ಹೇಳಿದ ಜಾಗದಲ್ಲೇ ನಿಂತು ತಿರುಗಿ ನೋಡಿದೆವು. ಸಂಜೆ ಐದೂವರೆ. ಕಲ್ಲೆಲ್ಲ ಜೇನು ಬಣ್ಣ. ಊರೇ ಒಂದು ಗೋಡೆಯ ಹಾಗೆ ನೀರಿನಿಂದ ಎದ್ದು ನಿಂತಿತ್ತು. ಅದನ್ನು ಬೋಳು ದಿಬ್ಬ ಅಂತ ನೆನೆಸಿಕೊಳ್ಳಲು ಎಷ್ಟು ಪ್ರಯತ್ನ ಪಟ್ಟರೂ ನನಗೆ ಆಗಲಿಲ್ಲ. ವಾಪಸ್ ಬರಲು ಫೆರ್ರಿ ಬಿಟ್ಟು ಅಲ್ಲಿನ ಪುಟ್ಟ ಬಣ್ಣದ ದೋಣಿ ಹತ್ತಿದೆವು. ದೋಣಿಯವನು ಅಮ್ಮನನ್ನು ಮೂತಿಯ ಹತ್ತಿರ ಕೂರಿಸಿದ. ಗಾಳಿಗೆ ಸೆರಗು ಹಿಡಿದು ಕೂತ ಫೋಟೋ ಇದೆ, ಹಾಕಬೇಡ ಅಂದಿದ್ದಾರೆ.

ಉಪ್ಪು ಗಾಳಿ

ಚಹಾ ಕುಡಿದ್ರಾ ಅಕ್ಕಾ?

ಮೈಸೂರ್ ಪಾಕು

ದಿನಕ್ಕೆ ಮೂರು ಲೋಟ. ಬಿಗಿಲ್ಲಾ ಅಮ್ಮನಿಗೆ ಅಷ್ಟಕ್ಕಷ್ಟೇ. ಒಗ್ಗರಣೆ ಇಲ್ಲ ಅಂತ ತಕರಾರು.

ಅರ್ಧ ಟಿಕೆಟ್

ಎಲ್ಲ ಸರಿ. ಗೋಜೋಗೆ ಹೋದ್ರಾ?

ಮೈಸೂರ್ ಪಾಕು

ಇಲ್ಲ. ಟೈಮ್ ಸಾಲಲಿಲ್ಲ.